ಕೊಡುವ ಕೈಗೆ ಎಚ್ಚರ ಕಲಿಸಿದ ವೈದ್ಯ



ಇಂಥದೊಂದು ರಾತ್ರಿಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಆಳಂದದಿಂದಲೋ, ಅಫಜಲಪುರದಿಂದಲೋ, ಇಲ್ಲವೆ ಭೀಮೆಯ ಸೇತುವೆ ದಾಟಿ ಜೇವರ್ಗಿಯಿಂದಲೋ, ಆಗತಾನೆ ಹೆರಿಗೆಯಾದ ಹೆಣ್ಣುಮಗಳೊಬ್ಬಳನ್ನು ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕರೆತರುತ್ತಾರೆ. ರಕ್ತಸ್ರಾವ ನಿಂತಿಲ್ಲ. ಕೂಡಲೇ ಎರಡು ಬಾಟಲಿ ರಕ್ತ ಬೇಕೆಂದು ಡಾಕ್ಟರು ಹೇಳುತ್ತಾರೆ. ಗಂಡ ಅಂಗಿಯ ತೋಳು ಮಡಿಚಿ ಮುಂದೆ ಬರುತ್ತಾನೆ. ಅಣ್ಣ, ಮೈದುನ, ಮಾವ, ಎಲ್ಲರೂ ತಮ್ಮ ರಕ್ತವನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಆದರೆ ರಕ್ತನಿಧಿಯವರು ಅವಸರ ಮಾಡುವುದಿಲ್ಲ. ಗುಂಪು ನೋಡಬೇಕು, ಪರೀಕ್ಷೆಯಾಗಬೇಕು, ಹೊಂದಾಣಿಕೆ ನೋಡಬೇಕು ಎನ್ನುತ್ತಾರೆ. ಒಳಗೆ ಜೀವ ಹೋಗುತ್ತಿರುವಾಗ ಇವರಿಗೇನು ಇಷ್ಟು ನಿಧಾನ ಎಂದು ಮನೆಯವರ ಹೊಟ್ಟೆ ಉರಿಯುತ್ತದೆ.

ಆ ಕಾಯುವ ಹೊತ್ತು ಎಷ್ಟು ಜೀವಗಳನ್ನು ಉಳಿಸಿದೆ ಎಂದು ತಿಳಿಯಬೇಕಾದರೆ ಒಬ್ಬ ವೈದ್ಯರ ಬಾಳಿನ ಕಥೆ ಕೇಳಬೇಕು. ಅವರ ಹೆಸರು ಕಾರ್ಲ್ ಲ್ಯಾಂಡ್‌ಸ್ಟೈನರ್. ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಎಂದು ಮೊದಲು ಕಂಡುಹಿಡಿದವರು ಅವರೇ. ಅವರು ಹುಟ್ಟಿದ ಜೂನ್ 14ನ್ನು 2004ರಿಂದ ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸಲಾಗುತ್ತಿದೆ. ಅವರು ನಮ್ಮ ಕತೋಲಿಕ ಧರ್ಮಸಭೆಯ ಮಗನೂ ಹೌದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

ತಾಯಿಯ ನೆರಳಲ್ಲಿ ಬೆಳೆದ ಬಾಲಕ

ಕಾರ್ಲ್ ಹುಟ್ಟಿದ್ದು 1868ರಲ್ಲಿ, ಆಸ್ಟ್ರಿಯದ ರಾಜಧಾನಿ ವಿಯೆನ್ನಾದ ಸೀಮೆಯ ಒಂದು ಯೆಹೂದಿ ಮನೆತನದಲ್ಲಿ. ತಂದೆ ಲಿಯೋಪೋಲ್ಡ್ ಹೆಸರಾಂತ ಪತ್ರಕರ್ತರು. ಮಗನಿಗೆ ಆರು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಫ್ಯಾನಿ ಒಬ್ಬರೇ ನಿಂತು ಮಗನನ್ನು ಬೆಳೆಸಿ ಓದಿಸಿದರು. ತಾಯಿ ಮಗನ ಆ ನಂಟು ಎಂಥದೆಂದರೆ, 1908ರಲ್ಲಿ ತಾಯಿ ತೀರಿಕೊಂಡಾಗ ತೆಗೆಸಿದ ಅವರ ಮುಖದ ಅಚ್ಚನ್ನು ಕಾರ್ಲ್ ತಮ್ಮ ಕೋಣೆಯ ಗೋಡೆಯ ಮೇಲೆ ಕೊನೆಯವರೆಗೂ ಇಟ್ಟುಕೊಂಡಿದ್ದರು.

ಅವರು ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯೆ ಕಲಿಯುತ್ತಿದ್ದಾಗಲೇ, 1890ರಲ್ಲಿ, ದೀಕ್ಷಾಸ್ನಾನ ಪಡೆದು ಕತೋಲಿಕರಾದರು. ಮರುವರ್ಷ ವೈದ್ಯರಾಗಿ ಹೊರಬಂದರು. ಡಾಕ್ಟರಾದ ಮೇಲೆ ದವಾಖಾನೆ ತೆರೆದು ಹಣ ಗಳಿಸುವುದು ಸುಲಭದ ದಾರಿಯಾಗಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ದೇಹದೊಳಗಿನ ಕೆಲಸ ತಿಳಿಯಬೇಕಾದರೆ ರಸಾಯನಶಾಸ್ತ್ರ ಚೆನ್ನಾಗಿ ಬರಬೇಕೆಂದು ಬಗೆದು ಜೂರಿಕ್, ವುರ್ಟ್ಸ್‌ಬುರ್ಗ್, ಮ್ಯೂನಿಕ್ ನಗರಗಳಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಬಳಿಕ ವಿಯೆನ್ನಾಕ್ಕೆ ಮರಳಿ ಶವಪರೀಕ್ಷೆಯ ವಿಭಾಗ ಸೇರಿದರು. ಅಲ್ಲಿ ಹತ್ತು ವರ್ಷಗಳಲ್ಲಿ ಅವರು ಮಾಡಿದ ಶವಪರೀಕ್ಷೆಗಳು 3,639. ಸಾವು ಹೇಗೆ ಬಂತೆಂದು ತಾಳ್ಮೆಯಿಂದ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಡುವ ಅಭ್ಯಾಸ ಅವರಿಗೆ ಅಂಟಿದ್ದು ಅಲ್ಲಿಯೇ.

ಪ್ರಾಣ ಕೊಟ್ಟ ರಕ್ತ, ಪ್ರಾಣ ತೆಗೆದ ರಕ್ತ

ಅವರ ಕಾಲದಲ್ಲಿ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವುದೆಂದರೆ ಜೂಜಾಟವಿದ್ದಂತೆ. 1667ರಲ್ಲಿ ಪ್ಯಾರಿಸ್ಸಿನ ವೈದ್ಯ ಡೆನಿ ಎಂಬವರು ಕುರಿಮರಿಯ ರಕ್ತವನ್ನು ಮನುಷ್ಯನಿಗೆ ಏರಿಸಿದ್ದರು. ಅಂಥ ಚಿಕಿತ್ಸೆಯ ನಂತರ ರೋಗಿಯೊಬ್ಬ ಸತ್ತು, ಮಾತು ನ್ಯಾಯಾಲಯದವರೆಗೆ ಹೋಗಿ, ಆ ಪದ್ಧತಿಯೇ ನಿಷೇಧವಾಯಿತು. 1818ರಿಂದ ಲಂಡನ್ನಿನ ಹೆರಿಗೆ ವೈದ್ಯ ಜೇಮ್ಸ್ ಬ್ಲಂಡೆಲ್ ಮನುಷ್ಯರ ರಕ್ತವನ್ನೇ ಮನುಷ್ಯರಿಗೆ ಕೊಟ್ಟು ನೋಡಿದರು. ಹೆತ್ತ ಮೇಲೆ ರಕ್ತ ಹರಿದು ಕಣ್ಣೆದುರೇ ಸಾಯುತ್ತಿದ್ದ ತಾಯಂದಿರನ್ನು ನೋಡಿ ಸುಮ್ಮನಿರಲು ಅವರಿಂದ ಆಗಲಿಲ್ಲ. ಕೆಲವರು ಬದುಕಿದರು, ಕೆಲವರು ಸತ್ತರು. ಯಾರು ಏಕೆ ಬದುಕಿದರು, ಯಾರು ಏಕೆ ಸತ್ತರು ಎಂದು ಹೇಳಬಲ್ಲವರೇ ಇರಲಿಲ್ಲ. ಕೊಡುವವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಕೊರತೆಯಿತ್ತು.

1900ರಲ್ಲಿ ಲ್ಯಾಂಡ್‌ಸ್ಟೈನರ್ ಒಂದು ಸಣ್ಣ ಸಂಗತಿ ಗಮನಿಸಿದರು. ಒಬ್ಬರ ರಕ್ತದ ತಿಳಿನೀರನ್ನು ಇನ್ನೊಬ್ಬರ ರಕ್ತಕಣಗಳೊಂದಿಗೆ ಬೆರೆಸಿದಾಗ ಕೆಲವೊಮ್ಮೆ ಕಣಗಳು ಒಡೆದ ಹಾಲಿನಂತೆ ಗಂಟುಗಂಟಾಗುತ್ತಿದ್ದವು. ಇದು ಯಾವುದೋ ಕಾಯಿಲೆಯ ಗುರುತೆಂದು ಉಳಿದವರು ತಿಳಿದಿದ್ದರು. ಆರೋಗ್ಯವಂತರ ರಕ್ತದಲ್ಲಿಯೂ ಹೀಗಾಗುವುದನ್ನು ಲ್ಯಾಂಡ್‌ಸ್ಟೈನರ್ ಕಂಡು, ತಮ್ಮ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ಬರೆದಿಟ್ಟರು. ಅಷ್ಟಕ್ಕೇ ಬಿಡಲಿಲ್ಲ. ತಮ್ಮ ರಕ್ತವನ್ನೂ ಜೊತೆಗೆ ಕೆಲಸ ಮಾಡುವ ಐವರ ರಕ್ತವನ್ನೂ ತೆಗೆದು, ಒಬ್ಬೊಬ್ಬರದನ್ನೂ ಇನ್ನೊಬ್ಬೊಬ್ಬರದರೊಂದಿಗೆ ಬೆರೆಸಿ, ಎಲ್ಲಿ ಗಂಟು ಕಟ್ಟಿತು, ಎಲ್ಲಿ ಕಟ್ಟಲಿಲ್ಲ ಎಂದು ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಒಂದು ಕ್ರಮ ಕಂಡಿತು. 1901ರಲ್ಲಿ ಅವರು ಮೂರು ಗುಂಪುಗಳನ್ನು ಸಾರಿದರು. ಅವೇ ಇಂದಿನ ಎ, ಬಿ ಮತ್ತು ಓ ಗುಂಪುಗಳು. ನಾಲ್ಕನೆಯ ಎಬಿ ಗುಂಪನ್ನು ಮರುವರ್ಷ ಅವರ ಜೊತೆಗಾರರು ಕಂಡರು.

ಹೊಂದದ ರಕ್ತ ಮೈಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ನೀವೂ ತಿಳಿದಿರಬೇಕು. ಎ ಗುಂಪಿನವರ ರಕ್ತದಲ್ಲಿ ಬಿ ಗುಂಪಿನ ಕಣಗಳ ಮೇಲೆ ಬೀಳುವ ಕಾವಲು ಪದಾರ್ಥಗಳು ಹುಟ್ಟಿನ ಮೊದಲ ವರ್ಷದೊಳಗೇ ಮೂಡತೊಡಗುತ್ತವೆ. ಬಿ ರಕ್ತ ಒಳಗೆ ಬಂದೊಡನೆ ಅವು ಆ ಕಣಗಳನ್ನು ಒಡೆದು ಹಾಕುತ್ತವೆ. ಚಳಿ, ಜ್ವರ, ಬೆನ್ನುನೋವು ಬರುತ್ತವೆ, ಮೂತ್ರ ಕಪ್ಪಾಗುತ್ತದೆ, ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಸಾವೂ ಬರಬಹುದು. ಇದಕ್ಕೆ ಬಾಟಲಿಗಟ್ಟಲೆ ರಕ್ತ ಬೇಕಿಲ್ಲ, ಸ್ವಲ್ಪವೇ ಸಾಕು.

ಈ ಶೋಧಕ್ಕೆ ಆಗ ಯಾರೂ ಹಾರ ಹಾಕಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ವೈದ್ಯ ರೂಬೆನ್ ಆಟನ್‌ಬರ್ಗ್ ರಕ್ತ ಕೊಡುವ ಮೊದಲು ಹೊಂದಾಣಿಕೆ ನೋಡತೊಡಗಿದರು. ಮೊದಲ ಮಹಾಯುದ್ಧದ ಹೊತ್ತಿಗೆ, ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟದೆ ಉಳಿಯುತ್ತದೆಂಬುದೂ ತಿಳಿಯಿತು. ಗಾಯಗೊಂಡ ಸೈನಿಕರಿಗೆ ರಕ್ತ ಕೊಡುವುದು ರೂಢಿಗೆ ಬಂದ ಮೇಲೆಯೇ ಲ್ಯಾಂಡ್‌ಸ್ಟೈನರ್ ಮಾಡಿದ್ದರ ಬೆಲೆ ಲೋಕಕ್ಕೆ ಅರಿವಾಯಿತು. ಅಷ್ಟರಲ್ಲಿ ಅವರು ಬೇರೆ ಕೆಲಸಗಳಲ್ಲಿ ಮುಳುಗಿದ್ದರು. 1908ರಲ್ಲಿ, ಪೋಲಿಯೋ ರೋಗ ಅಂಟುವಂಥದು ಎಂದು ಎರ್ವಿನ್ ಪಾಪ್ಪರ್ ಜೊತೆಗೂಡಿ ತೋರಿಸಿದರು. ಸಿಫಿಲಿಸ್ ಪರೀಕ್ಷೆಯನ್ನು ಸುಲಭಗೊಳಿಸಲು ಪ್ರಾಣಿಗಳ ಹೃದಯದ ಸಾರ ಬಳಸಬಹುದೆಂದು ತೋರಿಸಿದವರಲ್ಲಿಯೂ ಅವರೊಬ್ಬರು. ಇಂದು ದಾನಿಗಳ ರಕ್ತಕ್ಕೆ ಮಾಡುವ ವಿ.ಡಿ.ಆರ್.ಎಲ್. ಪರೀಕ್ಷೆಯ ಬೇರು ಅಲ್ಲಿದೆ.

ಬಡತನದಲ್ಲಿ ಒಂದು ಸಂಸಾರ

1916ರಲ್ಲಿ, 48ನೇ ವಯಸ್ಸಿನಲ್ಲಿ, ಅವರು ಲಿಯೋಪೋಲ್ಡಿನೆ ಹೆಲೆನೆ ಎಂಬವರ ಕೈಹಿಡಿದರು. ಗ್ರೀಕ್ ಆರ್ಥೊಡಾಕ್ಸ್ ಸಭೆಯವರಾಗಿದ್ದ ಆ ಹೆಣ್ಣುಮಗಳು ಗಂಡನ ಕತೋಲಿಕ ಸಭೆಗೆ ಸೇರಿದರು. ಮರುವರ್ಷ ಮಗ ಎರ್ನ್ಸ್ಟ್ ಹುಟ್ಟಿದ. ಆದರೆ ಯುದ್ಧ ಮುಗಿದಾಗ ಸೋತ ಆಸ್ಟ್ರಿಯದಲ್ಲಿ ಉಣ್ಣಲು ಅನ್ನವಿಲ್ಲ, ಚಳಿಗೆ ಸೌದೆಯಿಲ್ಲ. ಹೆಂಡತಿ ಮತ್ತು ಪುಟ್ಟ ಮಗನನ್ನು ಕಟ್ಟಿಕೊಂಡು ಅವರು ಹಾಲೆಂಡಿನ ಹೇಗ್ ನಗರಕ್ಕೆ ಹೋದರು. ಅಲ್ಲಿನ ಚಿಕ್ಕ ಕತೋಲಿಕ ಆಸ್ಪತ್ರೆಯೊಂದು ಅವರಿಗೆ ಕೆಲಸ ಕೊಟ್ಟಿತು. ಲೋಕಕ್ಕೆ ರಕ್ತದ ಗುಂಪುಗಳನ್ನು ತೋರಿಸಿಕೊಟ್ಟ ವಿಜ್ಞಾನಿ ಅಲ್ಲಿ ದಿನವೂ ರೋಗಿಗಳ ರಕ್ತ, ಮೂತ್ರ ಪರೀಕ್ಷಿಸುವ ಕೆಲಸ ಮಾಡಿದರು. ಕೆಲಸ ಚಿಕ್ಕದೆಂದು ಬೇಸರಪಟ್ಟು ಕೈಕಟ್ಟಿ ಕೂರಲಿಲ್ಲ, ಉಳಿದ ಹೊತ್ತಿನಲ್ಲಿ ತಮ್ಮ ಸಂಶೋಧನೆ ಮುಂದುವರಿಸಿದರು.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಅವರನ್ನು ಕರೆಯಿತು. 1923ರಲ್ಲಿ ಸಂಸಾರ ಸಮೇತ ಅಲ್ಲಿಗೆ ಹೋದರು. 1927ರಲ್ಲಿ ಫಿಲಿಪ್ ಲೆವಿನ್ ಎಂಬ ತರುಣ ವೈದ್ಯರೊಡನೆ ರಕ್ತದ ಇನ್ನೂ ಕೆಲವು ಗುರುತುಗಳನ್ನು ಕಂಡುಹಿಡಿದರು. 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಡಿಟಿಪ್ಪಣಿ ಬರೆದು ಆಗಲೇ 30 ವರ್ಷಗಳು ಕಳೆದಿದ್ದವು.

ಗಂಡ ಕೊಟ್ಟ ರಕ್ತ

ಪ್ರಿಯರೇ, ಈ ಬಾಳಿನಲ್ಲಿ ನಮ್ಮ ಮನೆಗಳಿಗೆ ಬಹಳ ಹತ್ತಿರವಾದ ಸಂಗತಿ ಇನ್ನು ಮುಂದಿದೆ. 1937ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಬಂದ ಹೆಣ್ಣುಮಗಳೊಬ್ಬಳಿಗೆ ಸತ್ತ ಮಗು ಹುಟ್ಟಿತು. ರಕ್ತಸ್ರಾವವಾಗಿತ್ತು. ಆಕೆಯದು ಓ ಗುಂಪು, ಗಂಡನದೂ ಓ ಗುಂಪು. ಆಗ ತಿಳಿದಿದ್ದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಗಂಡ ರಕ್ತ ಕೊಟ್ಟ. ಅದು ಮೈಗೆ ಸೇರಿದೊಡನೆ ಆಕೆಗೆ ಚಳಿ ಹತ್ತಿತು, ಕಾಲು ತಲೆ ನೋಯತೊಡಗಿದವು, ಬಳಿಕ ಮೂತ್ರದಲ್ಲಿ ರಕ್ತ ಕಂಡಿತು.

ಆ ವೈದ್ಯರು ಇದನ್ನು ಮುಚ್ಚಿಡಬಹುದಿತ್ತು. ಹೆರಿಗೆಯ ಬಾಧೆ ಎಂದು ಬರೆದು ಕಡತ ಮುಚ್ಚಬಹುದಿತ್ತು. ಹಾಗೆ ಮಾಡಲಿಲ್ಲ. ಲ್ಯಾಂಡ್‌ಸ್ಟೈನರ್ ಬಳಿ ಪಳಗಿದ್ದ ಅದೇ ಲೆವಿನ್ ಆಕೆಯ ರಕ್ತವನ್ನು ತೆಗೆದು ಪರೀಕ್ಷಿಸಿದರು. ಹೊಂದುವ ಗುಂಪಿನ 104 ಮಂದಿಯ ರಕ್ತದೊಡನೆ ಬೆರೆಸಿ ನೋಡಿದಾಗ 80 ಮಂದಿಯದು ಗಂಟುಗಟ್ಟಿತು. ಹಾಗೆ ಗಂಟುಗಟ್ಟದವರ ರಕ್ತವನ್ನು ಆರಿಸಿ ಕೊಟ್ಟರು, ಆ ತಾಯಿ ಬದುಕಿದಳು. 1939ರಲ್ಲಿ ಲೆವಿನ್ ಮತ್ತು ಅವರ ಜೊತೆಗಾರ ಸ್ಟೆಟ್ಸನ್ ಈ ಒಂದೇ ರೋಗಿಯ ವಿವರವನ್ನು ಪ್ರಕಟಿಸಿದರು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಎಂಬ ಜಾತಿಯ ಕೋತಿಯ ರಕ್ತದ ನೆರವಿನಿಂದ ಆರ್‌ಎಚ್ ಎಂಬ ಗುರುತನ್ನು ತಿಳಿಸಿದರು. ನಿಮ್ಮ ರಕ್ತದ ಗುಂಪಿನ ಮುಂದೆ ಪಾಸಿಟಿವ್, ನೆಗೆಟಿವ್ ಎಂದು ಬರೆಯುತ್ತಾರಲ್ಲ, ಅದೇ ಇದು.

ತಾಯಿ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆದರೆ ಮುಂದಿನ ಬಸಿರಿನ ಮಕ್ಕಳಿಗೆ ಅಪಾಯವೇಕೆ ಎಂಬುದು ಇದರಿಂದ ತಿಳಿಯಿತು. 1968ರಿಂದ ಅದನ್ನು ತಡೆಯುವ ಚುಚ್ಚುಮದ್ದೂ ಬಂದಿದೆ. ಒಂದರ ಹಿಂದೊಂದು ಕೂಸನ್ನು ಕಳೆದುಕೊಂಡ ಎಷ್ಟೋ ತಾಯಂದಿರನ್ನು ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾಪಗ್ರಸ್ತರೆಂದು ಹಳಿದದ್ದುಂಟು. ಅವರಲ್ಲಿ ಕೆಲವರ ದುಃಖಕ್ಕೆ ಕಾರಣ ಈ ಚಿಕ್ಕ ಗುರುತೇ ಆಗಿದ್ದೀತು. ಒಬ್ಬ ತಾಯಿಗೆ ಆದ ತೊಂದರೆಯನ್ನು ಮುಚ್ಚಿಡದೆ ಬರೆದದ್ದರಿಂದ ಲಕ್ಷಾಂತರ ತಾಯಂದಿರ ಮಡಿಲು ತುಂಬಿತು.

ಲ್ಯಾಂಡ್‌ಸ್ಟೈನರ್ 1939ರಲ್ಲಿ ನಿವೃತ್ತರಾದರೂ ಪ್ರಯೋಗಾಲಯ ಬಿಡಲಿಲ್ಲ. 1943ರ ಜೂನ್ 24ರಂದು ಅಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯಾಘಾತವಾಯಿತು. ಎರಡು ದಿನಗಳ ಬಳಿಕ, 75ನೇ ವಯಸ್ಸಿನಲ್ಲಿ, ಕಣ್ಣು ಮುಚ್ಚಿದರು.

ಅವರ ದಾರಿಯಲ್ಲಿ ಇಂದಿನ ಕಾವಲು

ಕಂಡದ್ದನ್ನು ಕಂಡಂತೆ ಬರೆಯುವ ಆ ಗುಣವೇ ಇಂದು ಒಂದು ವ್ಯವಸ್ಥೆಯಾಗಿ ಬೆಳೆದಿದೆ. ದಾನಿಯ ತೋಳಿನಿಂದ ರೋಗಿಯ ತೋಳಿನವರೆಗೆ ರಕ್ತ ಸಾಗುವ ದಾರಿಯ ಒಂದೊಂದು ಹೆಜ್ಜೆಯನ್ನೂ ಕಾಯುವುದು, ಎಲ್ಲಿಯಾದರೂ ತೊಂದರೆಯಾದರೆ ದಾಖಲಿಸಿ ಮೇಲಿನವರಿಗೆ ತಿಳಿಸುವುದು, ಇದಕ್ಕೆ ರಕ್ತ ಸುರಕ್ಷತಾ ನಿಗಾ ಎನ್ನಬಹುದು. ಸೋಂಕಿನ ರಕ್ತದಿಂದ ಸಾವಿರಾರು ಜನ ನರಳಿದ ಮೇಲೆ ಫ್ರಾನ್ಸ್ ದೇಶ 1994ರಲ್ಲಿ ಇದನ್ನು ಜಾರಿಗೆ ತಂದಿತು, 1996ರಲ್ಲಿ ಬ್ರಿಟನ್ ಹಿಂಬಾಲಿಸಿತು. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ಕೊಟ್ಟ ತೀರ್ಪಿನಂತೆ, ಹಣಕ್ಕೆ ರಕ್ತ ಮಾರುವ ಪದ್ಧತಿ 1998ರ ಜನವರಿ 1ರಿಂದ ನಿಂತಿತು. ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷಿಸಲೇಬೇಕು. 2012ರ ಡಿಸೆಂಬರ್ 10ರಂದು ರಾಷ್ಟ್ರೀಯ ನಿಗಾ ಕಾರ್ಯಕ್ರಮ ಆರಂಭವಾಯಿತು. ರಕ್ತ ಪಡೆದವರಿಗೆ ಆದ ತೊಂದರೆಗಳ ವರದಿಗಳು ನೋಯ್ಡಾದ ರಾಷ್ಟ್ರೀಯ ಸಂಸ್ಥೆಯನ್ನು ಸೇರುತ್ತವೆ. 2015ರ ಜೂನ್ 14ರಿಂದ, ಅಂದರೆ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನದಿಂದಲೇ, ರಕ್ತ ಕೊಟ್ಟವರಿಗೆ ಆದ ತೊಂದರೆಗಳನ್ನೂ ಬರೆಯಲಾಗುತ್ತಿದೆ. ಈ ವರದಿಗಳ ಗುರಿ ಯಾರನ್ನೋ ಹಿಡಿದು ಶಿಕ್ಷಿಸುವುದಲ್ಲ, ಒಮ್ಮೆ ಆದ ತಪ್ಪು ಮತ್ತೊಮ್ಮೆ ಆಗದಂತೆ ನೋಡುವುದು.

ಇದು ಡಾಕ್ಟರುಗಳ ಕೆಲಸ, ನಮಗೇನು ಎನ್ನಬೇಡಿ. ಹಾಸಿಗೆಯ ಪಕ್ಕ ಕುಳಿತವರು ನೀವೇ ತಾನೆ? ಬೇರೆ ಗುಂಪಿನ ರಕ್ತ ಏರಿಸಿದ ಅನಾಹುತಗಳು ಹೆಚ್ಚಾಗಿ ಆಗುವುದು ಪ್ರಯೋಗಾಲಯದಲ್ಲಲ್ಲ, ಹೆಸರು ಅದಲುಬದಲಾಗಿ. ಒಂದೇ ವಾರ್ಡಿನಲ್ಲಿ ಇಬ್ಬರು ಶರಣಮ್ಮಂದಿರು, ಇಬ್ಬರು ಮರಿಯಮ್ಮಂದಿರು ಇರುವುದು ನಮ್ಮ ಕಡೆ ಹೊಸದಲ್ಲ. ರಕ್ತದ ಚೀಲ ತಂದಾಗ ರೋಗಿಯ ಪೂರ್ತಿ ಹೆಸರು, ಆಸ್ಪತ್ರೆಯ ನಂಬರು, ಗುಂಪು ಕೂಡುತ್ತವೆಯೇ ಎಂದು ವಿನಯದಿಂದ ಕೇಳಿ. ಮೊದಲ 15 ನಿಮಿಷ ರೋಗಿಯನ್ನು ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಚಳಿ, ನಡುಕ, ಉಸಿರುಗಟ್ಟುವುದು, ಬೆನ್ನುನೋವು, ಮೈತುರಿಕೆ ಕಂಡರೆ ಕೂಡಲೇ ನರ್ಸಮ್ಮನನ್ನು ಕರೆಯಿರಿ. ಅವರು ಮೊದಲು ರಕ್ತ ನಿಲ್ಲಿಸುತ್ತಾರೆ. ಆ ಚೀಲವನ್ನು ಬಿಸಾಡದೆ ರಕ್ತನಿಧಿಗೆ ಮರಳಿಸಬೇಕು, ಕಾರಣ ತಿಳಿಯುವುದು ಅದರಿಂದಲೇ.

ಇನ್ನು ಕೊಡುವವರ ಮಾತು. ಸಾಮಾನ್ಯವಾಗಿ 18ರಿಂದ 65 ವರ್ಷದವರು, 45 ಕಿಲೋಗೆ ಕಡಿಮೆಯಿಲ್ಲದವರು, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದವರು ಕೊಡಬಹುದು. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಆದರೆ ಎಲ್ಲಕ್ಕಿಂತ ಮುಖ್ಯವಾದುದು ಸತ್ಯ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೂ ಸಿಗದ ಕೆಲವು ದಿನಗಳಿರುತ್ತವೆ. ಆ ದಿನಗಳಲ್ಲಿ ರೋಗಿಯನ್ನು ಕಾಯುವುದು ಯಂತ್ರವಲ್ಲ, ದಾನಿಯ ಬಾಯಿಂದ ಬರುವ ನಿಜ. ಅಪರಿಚಿತ ವೈದ್ಯರೆದುರು ಅರ್ಜಿ ತುಂಬುವಾಗ, ಪಾಪನಿವೇದನೆಯಲ್ಲಿ ಗುರುಗಳೆದುರು ಇರುವಷ್ಟೇ ಪ್ರಾಮಾಣಿಕರಾಗಿರಿ. ಮನೆಯವರೆಲ್ಲ ಸುತ್ತ ನಿಂತು ಒತ್ತಾಯಿಸುವಾಗ ಸೋದರಳಿಯನೊಬ್ಬ ತನ್ನ ಗುಟ್ಟನ್ನು ಹೇಗೆ ಹೇಳಿಯಾನು? ಯಾರಾದರೂ ಹಿಂದೇಟು ಹಾಕಿದರೆ ಅವರನ್ನು ಹೇಡಿ ಎನ್ನಬೇಡಿ. ಒತ್ತಾಯವಿಲ್ಲದೆ, ಆಗಾಗ, ಯಾರಿಗೆಂದು ತಿಳಿಯದೆ ಕೊಡುವವರ ರಕ್ತವೇ ಹೆಚ್ಚು ಸುರಕ್ಷಿತವೆನ್ನುವುದು ಇದಕ್ಕಾಗಿಯೇ. ತಪಸ್ಸುಕಾಲದಲ್ಲಿಯೋ ಧರ್ಮಕೇಂದ್ರದ ಹಬ್ಬದಲ್ಲಿಯೋ ಶಿಬಿರ ನಡೆಸಿದರೆ ಆ ರಾತ್ರಿಯ ಓಟ ಎಷ್ಟೋ ತಗ್ಗುತ್ತದೆ. ಕೊಟ್ಟ ಮೇಲೆ ತಲೆ ತಿರುಗಿದರೆ, ಕೈ ಬಾತರೆ ಅದನ್ನೂ ನಾಚದೆ ತಿಳಿಸಿ.

ಲ್ಯಾಂಡ್‌ಸ್ಟೈನರ್ ತೋರಿಸಿದ ಮತ್ತೊಂದು ಸತ್ಯವೂ ಇದೆ. ಒಡಹುಟ್ಟಿದವರ ರಕ್ತ ಹೊಂದದೆ ಹೋಗಬಹುದು, ಆಳಂದದ ದರ್ಗಾಕ್ಕೆ ಬಂದವನದೋ ದೇವಲ ಗಾಣಗಾಪುರಕ್ಕೆ ಹೊರಟವನದೋ ರಕ್ತ ನಿಮ್ಮ ಮಗಳಿಗೆ ಸರಿಯಾಗಿ ಹೊಂದಬಹುದು. ಗುಂಪುಗಳು ಜಾತಿ ಕೇಳಿ ಹುಟ್ಟಿಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸ ಪಾಠವಲ್ಲ.

ಕೊನೆಗೆ, ಸಂತ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಕುಳಿತು ಓದಿರಿ. ಯಾಯಿರನ ಮಗಳು ಸಾಯುತ್ತಿದ್ದಾಳೆ. ಯೇಸುಸ್ವಾಮಿ ಅವನ ಮನೆಗೆ ಹೊರಟಿದ್ದಾರೆ. ದಾರಿಯಲ್ಲಿ, 12 ವರ್ಷಗಳಿಂದ ರಕ್ತಸ್ರಾವದಿಂದ ಬಳಲಿದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಅವರು ನಿಲ್ಲುತ್ತಾರೆ. ಅಷ್ಟು ಜನಜಂಗುಳಿಯ ನಡುವೆ ಆ ಒಬ್ಬಳಿಗಾಗಿ ತಿರುಗಿ ನೋಡುತ್ತಾರೆ. ಆಕೆ ನಡುಗುತ್ತಾ ಮುಂದೆ ಬಂದು ಇದ್ದ ನಿಜವನ್ನೆಲ್ಲ ಹೇಳುತ್ತಾಳೆ. ಪಕ್ಕದಲ್ಲಿ ನಿಂತ ಯಾಯಿರನ ಎದೆ ಹೇಗೆ ಬಡಿದುಕೊಂಡಿರಬೇಕು! ಆದರೂ ಆ ನಿಲುಗಡೆಯಿಂದ ಅವನ ಮಗಳು ಕೈತಪ್ಪಲಿಲ್ಲ. ಇಬ್ಬರೂ ಬದುಕಿದರು.

ಮುಂದೆಂದಾದರೂ ರಕ್ತನಿಧಿಯ ಬಾಗಿಲಲ್ಲಿ ನಿಮ್ಮ ಎದೆ ಹಾಗೆ ಬಡಿದುಕೊಂಡಾಗ, ಒಳಗೆ ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗಾಗಿ ಒಂದು ನಮೋ ಮರಿಯ ಜಪಿಸಿರಿ. ಅವರು ತಡಮಾಡುತ್ತಿಲ್ಲ, ನಿಮ್ಮ ಮಗಳನ್ನು ಕಾಯುತ್ತಿದ್ದಾರೆ.